ಕೀಲಿ ಕಾಯ್ದ ಕಾಕಾ

ಕಾಕಾ ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಉಗುರು ಅರ್ಧಕ್ಕೇ ನಿಂತಿತ್ತು. ಚಿಕ್ಕಂದಿನಲ್ಲಿ ಇಳಕಲ್ಲಿನ ಮನೆಯ ಮಗ್ಗದಲ್ಲಿ ಸಿಕ್ಕಿಕೊಂಡು ಜಜ್ಜಿತ್ತಂತೆ. ಆ ಬೆರಳನ್ನು ಕಂಪ್ಯೂಟರಿನ ಪರದೆಯ ಮೇಲಿಟ್ಟರೆ ಸರಿಯಾಗಿ ಎರಡು ಅಕ್ಷರಗಳ ಅಗಲವಿರುತ್ತಿತ್ತು. ಎರಡಕ್ಕೆ ಬೆರಳು ಹಿಡಿದು, ಓದಿಸಿ, ಮುಂದಿನ ಎರಡಕ್ಕೆ ಸರಿಸುತ್ತಿದ್ದರು. ಹೀಗೆ ನಲವತ್ತು ಅಕ್ಷರ, ಇಪ್ಪತ್ತು ಸಲ.

ಬಲಗೈ ಎಂದು ಬರೆದ ಮೇಲೆ ಒಂದು ಕ್ಷಣ ನಿಂತೆ. ಎಡಗೈ ಆಗಿತ್ತೇನೋ. ನನ್ನ ನೆನಪಿನ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ನಾನು ಎಂ.ಟೆಕ್. ಮುಗಿಸಿ ಬಾಗಲಕೋಟೆಯ ನವನಗರದ ಒಂದು ಕಾಲೇಜಿಗೆ ಉಪನ್ಯಾಸಕನಾಗಿ ಸೇರಿದಾಗ ಅವರು ಅಲ್ಲಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದರು. ಡಿಪ್ಲೊಮಾ ಓದಿದವರು, ವಯಸ್ಸು ಐವತ್ತರ ಹತ್ತಿರ. ಪ್ರಿನ್ಸಿಪಾಲರಿಂದ ಹಿಡಿದು ಕಸ ಗುಡಿಸುವ ಹೆಂಗಸಿನವರೆಗೆ ಎಲ್ಲರಿಗೂ ಅವರು ಕಾಕಾ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ನನ್ನನ್ನು ‘ಸರ್ರ’ ಎಂದೇ ಕರೆಯುತ್ತಿದ್ದರು. ಬೇಡವೆಂದರೆ, “ನೀವು ಕಲ್ತು ಬಂದೀರಿ, ನಾ ಕೆಲಸ ಮಾಡಕೋತ ಬಂದೇನಿ. ಎರಡಕ್ಕೂ ಒಂದೊಂದ ಹೆಸರು ಇರ್ಲಿ ಬಿಡ್ರಿ” ಅನ್ನುತ್ತಿದ್ದರು.

ನಮ್ಮ ಸಂಸ್ಥೆಯ ಕಾಲೇಜುಗಳು ಬಾದಾಮಿ, ಹುನಗುಂದ, ಇಳಕಲ್ಲಿನಲ್ಲೂ ಇದ್ದವು. ವಿದ್ಯಾರ್ಥಿಗಳ ಆಂತರಿಕ ಪರೀಕ್ಷೆಯ ಅಂಕಗಳನ್ನು ಎಲ್ಲ ಕಡೆಯಿಂದಲೂ ಬಾಗಲಕೋಟೆಯ ಒಂದೇ ಸರ್ವರಿಗೆ ತುಂಬಬೇಕೆಂದು ಆಡಳಿತ ಮಂಡಳಿ ನಿರ್ಧರಿಸಿತು. ಇಳಕಲ್ಲಿನಲ್ಲಿ ಕೂತ ಉಪನ್ಯಾಸಕರಿಗೆ, ತಾವು ಪಾಸ್‌ವರ್ಡ್ ಕೊಡುತ್ತಿರುವುದು ನಿಜವಾಗಿ ನಮ್ಮ ಸರ್ವರಿಗೇ ಎಂದು ಗೊತ್ತಾಗುವುದು ಹೇಗೆ? ಅದಕ್ಕೆಂದು ಸರ್ವರಿಗೆ ಒಂದು ಗುರುತಿನ ಚೀಟಿ ಇರುತ್ತದೆ, ಸರ್ಟಿಫಿಕೇಟು. ಆ ಚೀಟಿಗೆ ನಂಬಿಗಸ್ಥರೊಬ್ಬರು ಸಹಿ ಹಾಕಿರಬೇಕು. ಸಹಿ ಹಾಕಿಕೊಡುವ ವಿದೇಶಿ ಕಂಪನಿಗಳಿದ್ದವು, ಮಂಡಳಿಗೆ ಅದು ದುಬಾರಿ ಎನಿಸಿತು. ಆಗ ಕಾಕಾ, “ನಮ್ಮ ಮನಿಮಟ್ಟಿಗೆ ನಾವ ಸಹಿ ಹಾಕೋಣ್ರಿ” ಅಂದರು. ಸಹಿ ಹಾಕುವ ಅಧಿಕಾರವನ್ನು ಕಾಲೇಜಿನೊಳಗೇ ಸ್ಥಾಪಿಸುವುದು ಅವರ ಯೋಚನೆ. ಅದನ್ನು ಹೇಗೆ ಮಾಡಬೇಕೆಂದು ಪುಸ್ತಕದಿಂದ ತಿಳಿದಿದ್ದವನು ನಾನು. ಮಾಡಿದವರು ಅವರು.

ಮೂಲೆಗೆ ಬಿದ್ದ ಒಂದು ಹಳೆಯ ಕಂಪ್ಯೂಟರನ್ನು ತಂದು, ಅದರಿಂದ ನೆಟ್‌ವರ್ಕ್ ಕಾರ್ಡನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಿಬಿಟ್ಟರು. ಇನ್ನು ಆ ಕಂಪ್ಯೂಟರ್ ಯಾವ ತಂತಿಗೂ ಸೇರುವಂತಿಲ್ಲ. ಸಹಿ ಹಾಕುವ ಗುಪ್ತ ಕೀಲಿ ಅದರೊಳಗೆ ಹುಟ್ಟಿತು, ಅಲ್ಲೇ ಉಳಿಯಿತು. ಯಂತ್ರವನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಸರ್ವರಿನ ಅರ್ಜಿ ಫ್ಲಾಪಿಯಲ್ಲಿ ಬರಬೇಕು, ಸಹಿ ಮಾಡಿಸಿಕೊಂಡು ಫ್ಲಾಪಿಯಲ್ಲೇ ಹೊರಗೆ ಹೋಗಬೇಕು. “ಅರ್ಜಿ ಬರ್ಲಿ, ಹೋಗ್ಲಿ. ಕೀಲಿ ಹೊಸ್ತಿಲಾ ದಾಟಬಾರ್ದು.”

ಕೀಲಿಗೊಂದು ಉದ್ದನೆಯ ಗುಪ್ತವಾಕ್ಯವಿತ್ತು. ಅದನ್ನು ಟೈಪು ಮಾಡುವ ಮುಂಚೆ ಕೋಣೆಯಲ್ಲಿದ್ದವರೆಲ್ಲ ಬೆನ್ನು ತಿರುಗಿಸಬೇಕು. “ಸರ್ರ, ಸ್ವಲ್ಪ ಗ್ವಾಡಿ ನೋಡ್ರಿ.” ಒಮ್ಮೆ ಪ್ರಿನ್ಸಿಪಾಲರು ಬಂದು ನಿಂತಿದ್ದರು. ಅವರಿಗೂ ಅದೇ ಮಾತು.

“ನನಗೂ ಏನ್ ಕಾಕಾ? ನಾ ಪ್ರಿನ್ಸಿಪಾಲ ಅದೇನಿ.”

“ಹೌದ್ರಿ. ಅದಕ್ಕ ನಿಮಗ ಕಿಡಕಿ ಬಾಜೂದ ಗ್ವಾಡಿ ಬಿಟ್ಟೇನಿ. ಗಾಳಿ ಬರತೈತಿ.”

ಪ್ರಿನ್ಸಿಪಾಲರು ನಕ್ಕು ತಿರುಗಿ ನಿಂತರು. ಆಮೇಲೆ ಸ್ಟಾಫ್ ರೂಮಿನಲ್ಲಿ ಇದು ಕುಚೋದ್ಯವಾಯಿತು. ಯಾರಾದರೂ ಊಟದ ಡಬ್ಬಿ ತೆರೆದರೆ, ಉಳಿದವರು “ಗ್ವಾಡಿ ನೋಡ್ರಪಾ” ಅನ್ನುತ್ತಿದ್ದರು. ಕಾಕಾ ತಾವೂ ನಗುತ್ತಿದ್ದರು. ನಿಯಮ ಮಾತ್ರ ಬದಲಾಗಲಿಲ್ಲ.

ನಾನು ಯಾವುದನ್ನೂ ಸುಲಭಕ್ಕೆ ಒಪ್ಪುವವನಲ್ಲ. ಓದು ನನಗೆ ಕಲಿಸಿದ್ದು ಅನುಮಾನವೊಂದೇ ಎಂದು ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಅವರನ್ನು ಕೆಣಕಿದೆ. “ಕಾಕಾ, ಸರ್ವರಿಗೆ ಸಹಿ ಹಾಕಾವ್ರು ನೀವು. ನಿಮಗ ಸಹಿ ಹಾಕಾವ್ರು ಯಾರು? ನಿಮ್ಮ ಮೂಲ ಸರ್ಟಿಫಿಕೇಟಿಗೆ ನೀವ ಸಹಿ ಹಾಕ್ಕೊಂಡೀರಿ. ತನಗ ತಾನ ಜಾಮೀನು ನಿಂತಂಗ ಆತಲ್ಲ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಖರೆ ಐತ್ರಿ. ಮ್ಯಾಲೆ ಹೋಗಕೋತ ಹೋದ್ರ ಎಲ್ಲರೆ ಒಬ್ಬಾಂವ ತನಗ ತಾನ ಜಾಮೀನು ನಿಂದರಬೇಕಾಗತೈತಿ. ಆ ಕಂಪನಿಯಾಂವನೂ ಹಂಗ ನಿಂತಿರ್ತಾನ. ಅಂವನ ಮಾರಿ ನೋಡಬೇಕಂದ್ರ ನಾವು ವಿಮಾನ ಹತ್ತಬೇಕು. ನನ್ನ ನೋಡಾಕ ಇಳಕಲ್ಲ ಬಸ್ ಹತ್ತಿದ್ರ ಸಾಕು.”

ಈ ಮಾತು ಅವರು ಹೀಗೇ ಆಡಿದರೋ, ಇಷ್ಟು ವರ್ಷಗಳಲ್ಲಿ ನಾನೇ ಅದನ್ನು ತಿದ್ದಿದೆನೋ ತಿಳಿಯದು. ಬಸ್ಸಿನ ಮಾತಂತೂ ಅವರದೇ.

ಬಸ್ಸನ್ನು ಅವರೇ ಹೆಚ್ಚು ಹತ್ತಿದರು. ನಾಲ್ಕೂ ಕಾಲೇಜುಗಳ ಪ್ರತಿ ಕಂಪ್ಯೂಟರಿಗೂ ಆ ಮೂಲ ಸರ್ಟಿಫಿಕೇಟನ್ನು ಪರಿಚಯ ಮಾಡಿಸಬೇಕಿತ್ತು. ಅದನ್ನು ನೆಟ್‌ವರ್ಕಿನಲ್ಲಿ ಕಳಿಸಿದರಾಯಿತು ಎಂದೆ. ದಾರಿಯಲ್ಲಿ ಯಾರಾದರೂ ಅದನ್ನು ಬದಲಿಸಿದರೆ ಎಂದು ಕಾಕಾ ಒಪ್ಪಲಿಲ್ಲ. ಕಮತಗಿ, ಅಮೀನಗಡ ದಾಟಿ ಹುನಗುಂದಕ್ಕೆ, ಅಲ್ಲಿಂದ ಇಳಕಲ್ಲಿಗೆ, ಮತ್ತೊಂದು ವಾರ ಬಾದಾಮಿಗೆ, ಫ್ಲಾಪಿಗಳನ್ನು ಊಟದ ಚೀಲದಲ್ಲಿಟ್ಟುಕೊಂಡು ಓಡಾಡಿದರು. ಸರ್ಟಿಫಿಕೇಟಿನ ನಲವತ್ತು ಅಕ್ಷರಗಳ ಗುರುತನ್ನು ಒಂದು ಹಾಳೆಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದರು. ಪರದೆಯ ಮೇಲಿನ ಗುರುತನ್ನು ಆ ಕಾಲೇಜಿನವರೇ ಗಟ್ಟಿಯಾಗಿ ಓದಬೇಕು, ಕಾಕಾ ಹಾಳೆ ನೋಡಿ ತಾಳೆ ಹಾಕಬೇಕು. ಹುನಗುಂದದ ಒಬ್ಬ ಮೇಡಂ, “ನೀವ ಓದ್ರಲ್ಲ ಕಾಕಾ, ನನಗ ಕ್ಲಾಸ್ ಐತಿ” ಎಂದರೆ, “ನಾ ಓದಿದ್ರ ನೀವು ನನ್ನ ನಂಬಿದಂಗ ಆತ್ರಿ, ತಂಗಿ. ನೀವು ಓದ್ರಿ, ನಿಮ್ಮ ಕಣ್ಣ ನಂಬ್ರಿ” ಅಂದರಂತೆ.

ಇಷ್ಟೆಲ್ಲ ಎಚ್ಚರವಿದ್ದ ಮನುಷ್ಯ ಒಂದು ತಪ್ಪು ಮಾಡಿದರು.

ಸರ್ವರಿನ ಸರ್ಟಿಫಿಕೇಟಿಗೆ ಒಂದು ವರ್ಷದ ಆಯುಷ್ಯ, ಮುನ್ನೂರ ಅರವತ್ತೈದು ದಿನ. ಮೊದಲ ಸಲ ಸಹಿ ಹಾಕಿದ್ದು ಮಹಾನವಮಿಯ ಆಯುಧಪೂಜೆಯ ದಿನ. ನೇಕಾರರ ಮನೆಯವರು ಅವರು. ಆ ದಿನ ಮಗ್ಗಕ್ಕೆ ಪೂಜೆ ಮಾಡಿ ಬೆಳೆದವರು. ಕಪಾಟಿನ ಯಂತ್ರವನ್ನೂ ಹೊರಗೆ ತೆಗೆದು, ಒರೆಸಿ, ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದು ಸಹಿ ಹಾಕಿದರು. ಪ್ರತಿ ವರ್ಷ ಆಯುಧಪೂಜೆಯ ದಿನವೇ ಹೊಸ ಸರ್ಟಿಫಿಕೇಟು ಎಂದು ತೀರ್ಮಾನವಾಯಿತು. ಮರುವರ್ಷ ಹಬ್ಬ ಹತ್ತು ಹನ್ನೊಂದು ದಿನ ಮುಂಚೆ ಬಂತು, ತೊಂದರೆಯಾಗಲಿಲ್ಲ. ಅದರ ಮರುವರ್ಷವೂ ಹಾಗೇ ಆಯಿತು. ಅದರ ಮುಂದಿನ ವರ್ಷ ಅಧಿಕಮಾಸ ಬಿತ್ತು. ಹಬ್ಬ ಮುಂದಕ್ಕೆ ಹೋಯಿತು. ಸರ್ಟಿಫಿಕೇಟಿಗೆ ಅಧಿಕಮಾಸ ಗೊತ್ತಿರಲಿಲ್ಲ. ಆಯುಧಪೂಜೆಗೆ ಇನ್ನೂ ಎರಡೂವರೆ ವಾರ ಇರುವಾಗಲೇ ಅದರ ಅವಧಿ ತೀರಿತು. ದಿನ ಎಣಿಸಿದ್ದರೆ ನನಗೂ ತಿಳಿಯುತ್ತಿತ್ತು. ನಾನು ಎಣಿಸಲಿಲ್ಲ, ನಾನು ಹಬ್ಬವನ್ನು ನಂಬದವನು.

ಅವತ್ತು ಅಂಕ ತುಂಬುವ ಕಡೆಯ ದಿನ. ಬೆಳಿಗ್ಗೆಯೇ ಮೂರೂ ಊರುಗಳಿಂದ ಫೋನು. ಪರದೆಯ ಮೇಲೆ ಹಳದಿ ತ್ರಿಕೋನದ ಎಚ್ಚರಿಕೆ ಬರುತ್ತಿದೆ, ಮುಂದುವರಿಯಬೇಕೇ ಎಂದು ಕೇಳುತ್ತಿದೆ, ಏನು ಮಾಡಬೇಕು? ಕಾಕಾ ರಜೆಯ ಮೇಲೆ ಇಳಕಲ್ಲಿಗೆ ಹೋಗಿದ್ದರು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಾನು ಅವರಿಗೆ ಫೋನ್ ಮಾಡಿದೆ.

“ಅಧಿಕಮಾಸ,” ಅಂದರು. “ನನ್ನ ತಪ್ಪಾತ್ರಿ ಸರ್ರ. ಈಗ ಬಿಡ್ತೇನಿ, ಎರಡು ತಾಸಿನ್ಯಾಗ ಬರ್ತೇನಿ. ಅಲ್ಲೀತನಕ ಸರ್ವರ್ ಬಂದ್ ಇಡ್ರಿ. ಯಾರೂ ಯೆಸ್ ಒತ್ತಬಾರ್ದು.”

“ಎರಡು ತಾಸು ಭಾಳ ಆತು ಕಾಕಾ.”

“ಎರಡು ತಾಸಿಗೆ ಏನೂ ಆಗಂಗಿಲ್ಲ. ಒಮ್ಮೆ ಯೆಸ್ ಒತ್ತಾಕ ಕಲಿಸಿದ್ರ ಮಂದಿ ಮರಿಯಂಗಿಲ್ಲ.”

ಪ್ರಿನ್ಸಿಪಾಲರ ಕೋಣೆಯಿಂದ ಎರಡು ಸಲ ಕರೆ ಬಂತು. ನಾನಿನ್ನೂ ಖಾಯಂ ಆಗಿರಲಿಲ್ಲ. ಮೂರೂ ಊರುಗಳಿಗೆ ಫೋನ್ ಮಾಡಿ, “ಏನೂ ಆಗಂಗಿಲ್ಲ, ಯೆಸ್ ಒತ್ತಿ ಮುಂದ ಹೋಗ್ರಿ” ಎಂದೆ.

ಕಾಕಾ ಬೀಗರಾಗುವವರನ್ನು ಪಡಸಾಲೆಯಲ್ಲಿ ಕೂರಿಸಿ, ಅವಲಕ್ಕಿಯ ತಾಟು ಅವರ ಕೈಗೆ ಬರುವ ಮುಂಚೆಯೇ ಬಸ್ ಹತ್ತಿದ್ದರು. ಹಬ್ಬದ ಅಂಗಿ, ತಲೆಗೆ ಎಣ್ಣೆ. ಗೋಡೆ ನೋಡಲು ಹೇಳಿದರು, ಸಹಿ ಹಾಕಿದರು, ಎಚ್ಚರಿಕೆ ಬರುವುದು ನಿಂತಿತು. ಆಮೇಲೆ ಕೇಳಿದರು, “ಯಾರರೆ ಒತ್ತಿದ್ರೇನ್ರಿ?”

“ಒತ್ತಿದ್ರು ಕಾಕಾ. ನಾನ ಹೇಳಿದೆ.”

ಅವರು ಫ್ಲಾಪಿಯನ್ನು ಅದರ ಕಾಗದದ ಚೀಲಕ್ಕೆ ಹಾಕಿದರು.

ಐದಾರು ತಿಂಗಳ ಮೇಲೆ ಇಳಕಲ್ಲಿನ ಕಾಲೇಜಿನಲ್ಲಿ ಕೆಲವರ ಅಂಕಗಳು ಬದಲಾಗಿರುವುದು ಬಯಲಾಯಿತು. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿ, ಲ್ಯಾಬಿನಲ್ಲಿ ನಮ್ಮ ಸರ್ವರಿನ ಹೆಸರು ಹೊಡೆದರೆ ತನ್ನ ಯಂತ್ರ ತೆರೆಯುವ ಹಾಗೆ ಮಾಡಿದ್ದ. ಉಪನ್ಯಾಸಕರು ಅದನ್ನೇ ಸರ್ವರ್ ಎಂದು ನಂಬಿ ಪಾಸ್‌ವರ್ಡ್ ಕೊಟ್ಟಿದ್ದರು. ಆ ಹುಡುಗ ಕಾಕಾ ಅವರ ಓಣಿಯವನು. ಅಷ್ಟು ಸಾಕಾಯಿತು. ಕಾಕಾ ಗುಪ್ತ ಕೀಲಿಯನ್ನು ಅವನಿಗೆ ಕೊಟ್ಟಿದ್ದಾರೆ, ಅದರಿಂದ ಅವನು ತನ್ನ ಯಂತ್ರಕ್ಕೆ ಸಹಿ ಹಾಕಿಕೊಂಡಿದ್ದಾನೆ ಎಂದು ಮಾತು ಹಬ್ಬಿತು. ಹುಡುಗ ಕೇಳಿದ್ದಕ್ಕೆಲ್ಲ ಹೌದೆಂದು ತಲೆ ಆಡಿಸುತ್ತಿದ್ದ. ಅವನ ಯಂತ್ರವನ್ನು ಯಾರೋ ಆತುರದಲ್ಲಿ ಪೂರ್ತಿ ಅಳಿಸಿಬಿಟ್ಟಿದ್ದರು.

ಸತ್ಯವನ್ನು ಕಂಡುಹಿಡಿಯುವುದು ಕಷ್ಟವಿರಲಿಲ್ಲ. ಹುಡುಗನ ಹತ್ತಿರ ಕಾಕಾ ಅವರ ಕೀಲಿ ಇದ್ದಿದ್ದರೆ ಉಪನ್ಯಾಸಕರ ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುತ್ತಿರಲಿಲ್ಲ. ಎಚ್ಚರಿಕೆ ಬಂದಿದ್ದರೆ ಕೀಲಿ ಕಪಾಟಿನಲ್ಲೇ ಇತ್ತೆಂದು ಅರ್ಥ. ಎಚ್ಚರಿಕೆ ಬಂದಿತ್ತು. ಇಳಕಲ್ಲಿನ ಇಬ್ಬರು ಉಪನ್ಯಾಸಕರು ನನ್ನ ಹತ್ತಿರ ಖಾಸಗಿಯಾಗಿ ಹೇಳಿದ್ದರು: “ನೀವ ಹೇಳಿದ್ರಲ್ಲ ಸರ್, ಹಂಗ ಯೆಸ್ ಒತ್ತಿದ್ವಿ.” ವಿಚಾರಣೆಯಲ್ಲಿ ಮಾತ್ರ, ಎಚ್ಚರಿಕೆ ಬಂದೇ ಇಲ್ಲ ಎಂದರು. ಬಂದಿತ್ತು ಎಂದರೆ ಒತ್ತಿದ್ದು ತಮ್ಮ ತಪ್ಪಾಗುತ್ತಿತ್ತು. ಒತ್ತಲು ಹೇಳಿದವನು ಮೊದಲು ಬಾಯಿ ಬಿಟ್ಟಿದ್ದರೆ ಅವರೂ ಬಿಡುತ್ತಿದ್ದರು.

ಮೂವರ ಸಮಿತಿ. ಮಂಡಳಿಯ ಒಬ್ಬ ಹಿರಿಯರು, ಒಬ್ಬ ವಕೀಲರು, ಒಬ್ಬ ನಿವೃತ್ತ ಪ್ರಿನ್ಸಿಪಾಲರು. ಕಾಕಾ ಗೋಡೆಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ವಕೀಲರು ನನ್ನನ್ನು ಕೇಳಿದರು, “ಸರ್, ನೀವು ಈ ವಿಷಯದಾಗ ಕಲ್ತವ್ರು. ಈ ಕೀಲಿ ಹೊರಗ ಹೋಗಿರೂದು ಸಾಧ್ಯ ಐತೇನ್ರಿ?”

“ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ,” ಎಂದೆ. ಪರೀಕ್ಷೆಯಲ್ಲಿ ಬರೆದಿದ್ದರೆ ಅದಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು.

“ಎಚ್ಚರಿಕೆ ಬಂದ್ರ ಯೆಸ್ ಒತ್ರಿ ಅಂತ ಯಾರರೆ ಹೇಳಿದ್ರೇನು? ಕಾಕಾ ಸಮಿತಿಗೆ ಕೊಟ್ಟ ಹೇಳಿಕಿಯೊಳಗ ಹಂಗಂತ ಒಂದು ಸಾಲ ಐತಿ. ಯಾರು ಹೇಳಿದ್ರು ಅಂತ ಬರದಿಲ್ಲ.”

ನಾನು ಕಾಕಾ ಅವರ ಕಡೆ ನೋಡಲಿಲ್ಲ. “ನನಗೆ ನೆನಪಿಲ್ಲ,” ಎಂದೆ.

ಹಿರಿಯರು ಕಾಕಾ ಅವರನ್ನು ಕೇಳಿದರು, “ನೀವರೆ ಹೇಳ್ರಿ. ಯಾರು ಹೇಳಿದ್ರು?”

ಕಾಕಾ ಎದ್ದು ನಿಂತರು. “ತಾರೀಖ ತಪ್ಪಿಸಿದ್ದು ನಾನ್ರಿ. ಹಬ್ಬಾ ನೋಡಿದೆ, ದಿನಾ ಎಣಸಲಿಲ್ಲ. ಅದು ನನ್ನ ತಪ್ಪು. ಉಳಿದದ್ದು ಅವರವರು ಹೇಳ್ಬೇಕ್ರಿ. ನಾ ಒಬ್ಬರ ಮಾತು ಇನ್ನೊಬ್ಬರ ಬಾಯಾಗ ಇಡಂಗಿಲ್ಲ. ಕೀಲಿ ಮಾತ್ರ ನಾ ಯಾರಿಗೂ ಕೊಟ್ಟಿಲ್ಲ.”

ಆರೋಪ ಸಾಬೀತಾಗಲಿಲ್ಲ, ಸುಳ್ಳೆಂದೂ ಆಗಲಿಲ್ಲ. ‘ಸಂಶಯಕ್ಕೆ ಅವಕಾಶವಿದೆ’ ಎಂದು ಬರೆದರು. ಅವರನ್ನು ಬಾದಾಮಿಯ ಕಾಲೇಜಿನ ಸ್ಟೋರಿಗೆ ವರ್ಗ ಮಾಡಿದರು. ಕಪಾಟಿನ ಯಂತ್ರವನ್ನು ಗುಜರಿಗೆ ಹಾಕಿದರು. ಆ ಜುಲೈಯಲ್ಲಿ ನನ್ನ ನೌಕರಿ ಖಾಯಂ ಆಯಿತು.

ವರ್ಗವಾಗುವ ಮುಂಚೆ ಕಾಕಾ ಒಂದು ಅನುಮತಿ ಕೇಳಿದರು. ಎಲ್ಲ ಕಂಪ್ಯೂಟರುಗಳಿಂದ ತಮ್ಮ ಮೂಲ ಸರ್ಟಿಫಿಕೇಟನ್ನು ತಾವೇ ತೆಗೆಯಬೇಕೆಂದು. “ಬಿಟ್ಟು ಹೋದ್ರ ಹೆಂಗ್ರಿ? ಗುಜರಿಯಾಂವ ಆ ಡಿಸ್ಕ ಯಾರಿಗೆ ಮಾರ್ತಾನೋ. ಈ ಯಂತ್ರಗೋಳು ಇನ್ನೂ ನನ್ನ ಸಹಿ ನಂಬ್ತಾವ.” ಮತ್ತೆ ಅದೇ ಬಸ್ಸು, ಅದೇ ಊರುಗಳು, ಒಂದೊಂದೇ ಯಂತ್ರ. ಲ್ಯಾಬಿನಲ್ಲಿ ಯಾರೂ ಅವರ ಹತ್ತಿರ ಬಂದು ಕೂಡುತ್ತಿರಲಿಲ್ಲ. ಒಂದು ದಿನ ನಾನು ಜೊತೆಗೆ ಹೋದೆ. ಸಂಕಟಕ್ಕೆ ಹೋದೆನೋ, ಸಹಾಯಕ್ಕೆ ಹೋದೆನೋ ಈಗಲೂ ತಿಳಿಯದು. ಅಮೀನಗಡದಲ್ಲಿ ಬಸ್ ನಿಂತಾಗ ಅವರು ಇಳಿದು ಕರದಂಟು ತಂದು, ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದರು.

“ಕಾಕಾ,” ಎಂದೆ.

ಅವರು ಕಾದರು. ಬಸ್ ಊರು ದಾಟುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ, “ತಿನ್ರಿ. ಅಂಟ ಛಲೋ ಹಾಕ್ಯಾರ” ಅಂದು ಕಿಟಕಿಯ ಕಡೆ ತಿರುಗಿದರು.

ಅದೇ ವರ್ಷ ದೀಪಾವಳಿ ಕಳೆದ ಮೇಲೆ, ಬಾದಾಮಿಯ ಸ್ಟೋರಿನಲ್ಲಿ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು. ಇಳಕಲ್ಲಿನಲ್ಲಿ ಅವರ ಮಣ್ಣಿಗೆ ಹೋದೆ. ಕಾಲೇಜಿನಿಂದ ಬಂದವರು ನಾನು ಮತ್ತು ಕಸ ಗುಡಿಸುವ ಹೆಂಗಸು. ಇನ್ನೂ ಯಾರೋ ಬಂದಿದ್ದರು ಎಂದು ನೆನೆಯಲು ಎಷ್ಟೋ ಸಲ ಯತ್ನಿಸಿದ್ದೇನೆ.

ತಿಂಗಳ ಮೇಲೆ ಮತ್ತೆ ಹೋದೆ. ಅವರ ಹೆಂಡತಿ, ನಾವು ಕಾಕೂ ಎನ್ನುತ್ತಿದ್ದವರು, ಮಗ್ಗದ ಹತ್ತಿರ ಕೂತು ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಿದ್ದರು. ಎಳೆಗೆ ಎಳೆ, ಕೈಯಿಂದಲೇ ಆಗಬೇಕಾದ ಕೆಲಸ. ನಾನು ಎಲ್ಲವನ್ನೂ ಹೇಳಿದೆ. ಯೆಸ್ ಒತ್ತಲು ಹೇಳಿದವನು ನಾನು, ನನಗೆ ನೆನಪಿತ್ತು, ನೆನಪಿಲ್ಲವೆಂದೆ. ಅವರ ಕೈ ನಿಲ್ಲಲಿಲ್ಲ.

“ಗೊತ್ತೈತ್ರಿ,” ಅಂದರು. “ವಿಚಾರಣಿ ಮುಗಿಸಿ ಬಂದ ದಿನಾನ ಹೇಳಿದ್ರು. ‘ಸರ್ರು ಹೆದರ್ಯಾರ. ನೌಕರಿ ಖಾಯಂ ಆತಂದ್ರ ತಾವ ಹೋಗಿ ಹೇಳ್ತಾರ’ ಅಂದ್ರು. ಜುಲೈದಾಗ ನಿಮ್ದು ಖಾಯಂ ಆತಂತ ಯಾರೋ ಅಂದ್ರು. ಅವತ್ತ ಪೇಡೆ ತಂದಿದ್ರು.”

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ.

“ಆಮ್ಯಾಲ ದಿನಾ ಬಾದಾಮಿಯಿಂದ ಫೋನ್ ಮಾಡಿ ಕೇಳಾವ್ರು, ಬಾಗಲಕೋಟಿಯಿಂದ ಏನರೆ ಕಾಗದ ಬಂತೇನು ಅಂತ. ದೀಪಾವಳಿಗೆ ಬಂದಾಗ ಕೇಳೂದು ಬಿಟ್ರು. ಈಗ ನನ್ನ ಮುಂದ ಹೇಳಾಕ ಹತ್ತೀರಿ. ನನಗ ಗೊತ್ತಿದ್ದದ್ದನ್ನ ನನಗ ಹೇಳಿ ಏನ್ ಮಾಡ್ತೀರಿ, ಸರ್?”

ಮರುದಿನ ಆಡಳಿತ ಮಂಡಳಿಗೆ ಬರೆದುಕೊಟ್ಟೆ. ವಿಚಾರಣೆ ಮುಗಿದಿದೆ, ಸಂಬಂಧಪಟ್ಟವರು ತೀರಿಕೊಂಡಿದ್ದಾರೆ, ಕಡತ ತೆರೆಯುವ ಅಗತ್ಯವಿಲ್ಲ ಎಂದು ಉತ್ತರ ಬಂತು. ಆ ವರ್ಷವೇ ನೌಕರಿ ಬಿಟ್ಟೆ. ಬಿಟ್ಟದ್ದರಿಂದ ಯಾರಿಗೂ ಏನೂ ಸಿಗಲಿಲ್ಲ.

ನೆನಪಿಲ್ಲ ಎಂಬ ಆ ಮಾತು ನನ್ನೊಳಗೇ ಉಳಿದು, ನಿಜವಾಗುತ್ತ ಬಂದಿದೆ. ಅವರ ದನಿ ಮರೆತಿದ್ದೇನೆ. ಕನ್ನಡಕದ ಆಕಾರ ಮರೆತಿದ್ದೇನೆ. ಗೋಡೆ ನೋಡಿ ನಿಂತಾಗ ಬೆನ್ನ ಹಿಂದೆ ಕೇಳುತ್ತಿದ್ದ ಕೀಲಿಮಣೆಯ ಸದ್ದು ಎಷ್ಟು ಹೊತ್ತು ಇರುತ್ತಿತ್ತೆಂದು ಮರೆತಿದ್ದೇನೆ. ಇದನ್ನು ಬರೆಯಲೇ ಎಂದು ಕಾಕೂ ಅವರನ್ನು ಕೇಳಿದಾಗ, “ಅವರ ಹೆಸರ ಹಾಕಬ್ಯಾಡ್ರಿ. ಮತ್ತ ಮಂದಿ ಬಾಯಾಗ ಬೀಳೂದು ಬ್ಯಾಡ. ನಿಮ್ದು ಏನೈತಿ ಅಷ್ಟ ಬರೀರಿ” ಅಂದರು.

ನನ್ನದು ಇಷ್ಟು. ಎಚ್ಚರಿಕೆ ಬಂದಾಗ ಯೆಸ್ ಒತ್ತಿರಿ ಎಂದು ಬಾದಾಮಿಗೆ, ಹುನಗುಂದಕ್ಕೆ, ಇಳಕಲ್ಲಿಗೆ ಫೋನ್ ಮಾಡಿ ಹೇಳಿದವನು ನಾನು. ಕಾಕಾ ಬೇಡವೆಂದಿದ್ದರು. ಕೀಲಿಯನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಇದು ನನಗೆ ವಿಚಾರಣೆಯ ಆ ದಿನವೂ ನೆನಪಿತ್ತು.